ಕಾಲಾಳು ಓಡಿಸುವ ಮುನ್ನ ರಾಜನನ್ನು ನೋಡಿ

ಬಾಗಲಕೋಟೆಯ ನವನಗರದಲ್ಲಿ ಭಾನುವಾರ ಮಕ್ಕಳಿಗೆ ಚೆಸ್ ಹೇಳಿಕೊಡುವಾಗ ಒಂದೇ ತಪ್ಪನ್ನು ಮತ್ತೆ ಮತ್ತೆ ಕಾಣುತ್ತೇನೆ. ಎರಡೂ ಕಡೆ ಒಂದೊಂದು ಕಾಲಾಳು ಉಳಿದು, ಎರಡೂ ಹಲಗೆಯ ಕೊನೆಯ ಸಾಲು ಮುಟ್ಟಿ ರಾಣಿಯಾಗಲು ಓಡುತ್ತಿರುತ್ತವೆ. ಎರಡು ತಾಸು ಚೆನ್ನಾಗಿ ಆಡಿದ ಹುಡುಗ ಎರಡೇ ಸೆಕೆಂಡಿನಲ್ಲಿ ಕಾಲಾಳು ತಳ್ಳಿ ಸೋಲುತ್ತಾನೆ.

ಮೊದಲು ಕೈಗಳನ್ನು ತೊಡೆಯ ಕೆಳಗಿಟ್ಟುಕೊಳ್ಳಿ. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ನಡೆಯನ್ನು ಮೊದಲು ಬರೆದು ಆಮೇಲೆ ಆಡುವ ಹಳೆಯ ಅಭ್ಯಾಸಕ್ಕೆ ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ಈಗಿನ ನಿಯಮದಲ್ಲಿ ಅವಕಾಶವಿಲ್ಲ. ಎಣಿಕೆ ತಲೆಯಲ್ಲೇ ಆಗಬೇಕು.

ನಂತರ ಆಡಬಹುದಾದ ಎರಡು ಮೂರು ನಡೆಗಳನ್ನು ಆರಿಸಿಕೊಳ್ಳಿ. ಅವುಗಳಲ್ಲಿ ಒಂದಾದರೂ ರಾಜನ ನಡೆ ಇರಲೇಬೇಕು.

ಮೂರನೆಯದು ಎಣಿಕೆ. ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ಹಲಗೆ ತೆಗೆದು ಜೋಡಿಸಿ. ಮನೆಯ ಹೆಸರಿನಲ್ಲಿ ಅಕ್ಷರವೆಂದರೆ ಬಿಳಿಯ ಎಡದಿಂದ ಎ-ಯಿಂದ ಎಚ್‌ವರೆಗಿನ ಉದ್ದಸಾಲು, ಅಂಕಿಯೆಂದರೆ ಬಿಳಿಯ ಕಡೆಯಿಂದ ಎಣಿಸಿದ ಅಡ್ಡಸಾಲು. ಬಿಳಿ ರಾಜ ಇ4, ಕಾಲಾಳು ಎ6. ಕಪ್ಪು ರಾಜ ಜಿ6, ಕಾಲಾಳು ಎಚ್3. ಬಿಳಿಯ ಸರದಿ. ಹುಡುಗನ ಲೆಕ್ಕ ಹೀಗಿರುತ್ತದೆ: ‘ನಾನು ಎ7, ಅವನು ಎಚ್2, ನಾನು ಎ8ರಲ್ಲಿ ರಾಣಿ. ಅಲ್ಲಿಂದ ಎಚ್1ರವರೆಗೆ ಕರ್ಣದ ಸಾಲು ನನ್ನ ರಾಣಿಯದು. ಅವನು ರಾಣಿ ಮಾಡಿಕೊಂಡರೆ ಹೊಡೆಯುತ್ತೇನೆ.’ ಎಣಿಕೆ ಸರಿಯಾಗಿದೆ. ಆದರೆ ಆ ಸಾಲಿನ ನಟ್ಟನಡುವೆ, ಇ4ರಲ್ಲಿ, ಅವನದೇ ರಾಜ ನಿಂತಿದ್ದಾನೆ! ಕಪ್ಪು ಎಚ್1ರಲ್ಲಿ ರಾಣಿ ಮಾಡಿಕೊಂಡು ಚೆಕ್ ಕೊಡುತ್ತದೆ. ರಾಜ ಸರಿಯಲೇಬೇಕು, ಸರಿದೊಡನೆ ಹಿಂದಿರುವ ರಾಣಿ ಹೋಯಿತು. ಹಾಗಾಗಿ ರಾಣಿ ಬಂದ ಮೇಲೂ ಎದುರಾಳಿಯ ಇನ್ನೊಂದು ನಡೆ ಎಣಿಸಿ, ಆ ಹೊತ್ತಿಗೆ ಎರಡೂ ರಾಜರು ಯಾವ ಸಾಲಿನಲ್ಲಿರುತ್ತಾರೆಂದು ನೋಡಿ.

ಹಾಗಾದರೆ ರಾಜನನ್ನು ಎಫ್4ಕ್ಕೆ ಒಯ್ಯೋಣವೇ? ಕಪ್ಪು ಕಾಲಾಳು ಎಚ್2ಕ್ಕೆ ಇಳಿದರೆ ಕೈಗೆ ಸಿಗುವುದಿಲ್ಲ, ಸೋಲು. ಎಫ್3 ಒಂದೇ ದಾರಿ. ಕಪ್ಪು ಎಚ್2 ಆಡಿದ ಕೂಡಲೇ ರಾಜ ಜಿ2ಕ್ಕೆ ಬಂದು ಕಾಲಾಳನ್ನು ಹಿಡಿಯುತ್ತಾನೆ. ಜಿ6ರಲ್ಲಿರುವ ಕಪ್ಪು ರಾಜನಿಗೆ ನಮ್ಮ ಎ ಕಾಲಾಳು ದೂರ. ಎಫ್3 ಕೂಡ ಅದೇ ಕರ್ಣದ ಮನೆ. ಆದ್ದರಿಂದ ಎಚ್2 ಬಂದಾಗ ರಾಣಿಯ ಆಸೆಗೆ ಬೀಳದೆ ಮೊದಲು ಜಿ2 ಆಡಿ.

ಮೊಬೈಲ್ ಆ್ಯಪ್‌ಗಳಲ್ಲಿ ಯಾರು ಮುಂದಿದ್ದಾರೆಂದು ತೋರಿಸುವ ಪಟ್ಟಿಯನ್ನು ಕಲಿಯುವಾಗ ಬಂದ್ ಮಾಡಿಬಿಡಿ. ಅದು ಉತ್ತರ ಹೇಳುತ್ತದೆ, ಎಣಿಸುವುದನ್ನು ಕಲಿಸುವುದಿಲ್ಲ. ಅಂಚಿನಲ್ಲಿ ಅಕ್ಷರ, ಅಂಕಿಗಳಿಲ್ಲದ ಅಗ್ಗದ ಹಲಗೆಯನ್ನೂ ಕೊಳ್ಳಬೇಡಿ.

ಕೊನೆಯ ಪರೀಕ್ಷೆ ಒಂದೇ ಸಾಲಿನದು: ಎದುರಾಳಿಯ ಕಾಲಾಳಿಗೆ ಒಂದೇ ಹೆಜ್ಜೆ ಉಳಿದು, ಪಕ್ಕದಲ್ಲಿ ಅವನ ರಾಜನಿದ್ದು, ನಿಮ್ಮ ರಾಜ ದೂರವಿದ್ದರೆ, ಆ ಕಾಲಾಳು ಎ, ಸಿ, ಎಫ್ ಅಥವಾ ಎಚ್ ಉದ್ದಸಾಲಿನಲ್ಲಿದ್ದಾಗ ನಿಮಗೆ ರಾಣಿಯಿದ್ದರೂ ಆಟ ಸಾಮಾನ್ಯವಾಗಿ ಡ್ರಾ.

ಈಗ ಮೊದಲಿನ ಜೋಡಣೆಗೆ ಮರಳಿ, ಬಿಳಿ ರಾಜನನ್ನು ಮಾತ್ರ ಇ4ರಿಂದ ಡಿ4ಕ್ಕೆ ಸರಿಸಿಡಿ. ಕರ್ಣ ತೆರೆಯಿತು. ಆಗ ಸೋಲು ತಂದ ಎ7 ನಡೆಯೇ ಈಗ ಗೆಲ್ಲುತ್ತದೆ. ಎರಡನ್ನೂ ಹತ್ತು ಹತ್ತು ಸಲ ಆಡಿ ನೋಡಿ.