ಚಳಿ ಹೋಯ್ತು, ಬೈಕಿನ ಮೈಲೇಜೂ ಹೋಯ್ತಾ? ಗ್ಯಾರೇಜಿಗೆ ಹೋಗುವ ಮುಂಚೆ ಇಷ್ಟು ನೋಡಿ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅಂತಾರೆ. ನಮ್ಮ ಶಿಡ್ಲಘಟ್ಟದ ಕಡೆ ಆ ಹೊತ್ತಿಗೆ ಬೈಕ್ ಇಟ್ಟುಕೊಂಡವರದ್ದೆಲ್ಲ ಒಂದೇ ಮಾತು, ಗಾಡಿ ಪೆಟ್ರೋಲ್ ಕುಡೀತಿದೆ ಅಂತ. ನನ್ನದೂ ಅದೇ ಕಥೆಯಾಗಿತ್ತು. ನೂರು ಸಿಸಿ ಗಾಡಿ, ಕಾರ್ಬ್ಯುರೇಟರ್ (ಗಾಳಿ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಇರುವ ಹಳೇ ಮಾಡೆಲ್. ದಸರಾ ಹೊತ್ತಿಗೆ ಲೀಟರಿಗೆ 60 ಕೊಡುತ್ತಿದ್ದದ್ದು ಫೆಬ್ರವರಿಯಲ್ಲಿ 47ಕ್ಕೆ ಇಳಿದಿತ್ತು. ಸೀದಾ ಗ್ಯಾರೇಜಿಗೆ ಹೋದೆ. ಅವರು ಕಾರ್ಬ್ಯುರೇಟರಿನ ಸ್ಕ್ರೂ ಅತ್ತ ಇತ್ತ ತಿರುಗಿಸಿ 300 ರೂಪಾಯಿ ತೆಗೆದುಕೊಂಡರು. ಮೈಲೇಜ್ ಹಾಗೇ ಇತ್ತು, ಸಾಲದ್ದಕ್ಕೆ ಬೆಳಿಗ್ಗೆ ಸ್ಟಾರ್ಟ್ ಆಗುವುದೂ ಕಷ್ಟವಾಯಿತು. ಆಮೇಲೆ ಒಂದು ಭಾನುವಾರ ಮನೆ ಮುಂದೆ ಕೂತು ಒಂದೊಂದಾಗಿ ನೋಡುತ್ತಾ ಹೋದಾಗ ನಿಜವಾದ ತೊಂದರೆ ಸಿಕ್ಕಿತು. ಅದಕ್ಕೇ ಹೇಳುತ್ತಿದ್ದೇನೆ, ಸ್ಕ್ರೂ ತಂಟೆ ಕೊನೆಗೆ. ಮೊದಲು ಚಳಿಗಾಲ ಗಾಡಿಗೆ ಏನು ಮಾಡಿ ಹೋಗಿದೆ ಅಂತ ನೋಡಿ.

ಅದಕ್ಕೂ ಮುಂಚೆ ಸರಿಯಾಗಿ ಅಳೆಯಿರಿ. ನೂರು ರೂಪಾಯಿಗೆ ಹಾಕಿಸಿ ರಿಸರ್ವ್ ಬರುವ ತನಕ ಲೆಕ್ಕ ಹಾಕುವುದನ್ನು ಬಿಡಿ, ಅದರಲ್ಲಿ ಏನೂ ಗೊತ್ತಾಗುವುದಿಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ ಟ್ಯಾಂಕ್ ಫುಲ್ ಮಾಡಿಸಿ, ಮೀಟರ್ ಬರೆದುಕೊಳ್ಳಿ, ದಿನಾ ಓಡಿಸುವ ಹಾಗೇ 150 ಕಿಲೋಮೀಟರಾದರೂ ಓಡಿಸಿ, ಅದೇ ಬಂಕಿನಲ್ಲಿ ಅದೇ ಮಟ್ಟಕ್ಕೆ ಮತ್ತೆ ತುಂಬಿಸಿ. 165 ಕಿಲೋಮೀಟರ್ ಓಡಿ 3.5 ಲೀಟರ್ ಹಿಡಿಸಿದರೆ 47 ಅಂತ ಲೆಕ್ಕ. ಈ ಒಂದು ಅಂಕಿ ಕೈಯಲ್ಲಿಲ್ಲದೆ ಏನೇ ರಿಪೇರಿ ಮಾಡಿಸಿದರೂ ಸುಮ್ನೆ ಕತ್ತಲಲ್ಲಿ ತಡಕಾಡಿದ ಹಾಗೆ.

ಆಮೇಲೆ ಗಾಡಿ ನ್ಯೂಟ್ರಲ್ ಮಾಡಿ ಸಮತಟ್ಟು ಜಾಗದಲ್ಲಿ ಕೈಯಲ್ಲಿ ತಳ್ಳಿ ನೋಡಿ. ಸಲೀಸಾಗಿ ಹೋಗಬೇಕು. ಭಾರ ಅನ್ನಿಸಿದರೆ ಮೊದಲು ಟೈರಿನ ಗಾಳಿ ನೋಡಿ. ಚಳಿಗೆ ಗಾಳಿ ಕುಗ್ಗಿ ಒಂದೆರಡು ಪಾಯಿಂಟ್ ಇಳಿಯುವುದು ನಿಜ, ಆದರೆ ಅದಕ್ಕಿಂತ ದೊಡ್ಡ ವಿಷಯ ಮೂರು ತಿಂಗಳು ಯಾರೂ ಗಾಳಿ ಹಿಡಿಸಿರುವುದಿಲ್ಲ. ಟ್ಯೂಬಿನಿಂದ ಸ್ವಲ್ಪ ಸ್ವಲ್ಪವಾಗಿ ಹೋಗುತ್ತಲೇ ಇರುತ್ತದೆ. ನನ್ನ ಹಿಂದಿನ ಚಕ್ರದಲ್ಲಿ 28 ಇರಬೇಕಾದ ಕಡೆ 19 ಇತ್ತು. ನಿಮ್ಮ ಗಾಡಿಗೆ ಎಷ್ಟು ಅಂತ ಕಂಪನಿ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ಬೆಳಿಗ್ಗೆ, ಟೈರ್ ಬಿಸಿಯಾಗುವ ಮುಂಚೆ ಹಿಡಿಸಿ.

ಗಾಳಿ ಸರಿಯಿದ್ದೂ ಭಾರ ಇದ್ದರೆ ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಅರ್ಧ ಸುತ್ತಿಗೇ ನಿಂತರೆ ಬ್ರೇಕ್ ಹಿಡಿದಿದೆ ಅಂತ ಅರ್ಥ. ಬ್ರೇಕ್ ಪೆಡಲ್ ಒತ್ತಿ ಬಿಟ್ಟರೆ ಅದು ಪಟ್ಟನೆ ವಾಪಸ್ ಬರಬೇಕು, ಮೆಲ್ಲಗೆ ಬಂದರೆ ಒಳಗೆ ಧೂಳು ಕೂತು ಒಣಗಿದೆ, ಬಿಚ್ಚಿಸಿ ಗ್ರೀಸ್ ಹಾಕಿಸಿ. ಹಬ್ ಹತ್ತಿರ ಬಗ್ಗಿಯೂ ನೋಡಿ. ಒಕ್ಕಣೆಗೆ ಅಂತ ರಸ್ತೆ ಮೇಲೆ ಹರಡಿದ ಹುರುಳಿ ಬಳ್ಳಿ ಚಕ್ರದ ಅಚ್ಚಿಗೆ ಹುರಿಹಗ್ಗದ ಹಾಗೆ ಸುತ್ತಿಕೊಂಡಿರುತ್ತದೆ. ಕತ್ತರಿ ತಗೊಂಡು ಕತ್ತರಿಸಿ ತೆಗೆಯಿರಿ, ಎಳೆದರೆ ಬರುವುದಿಲ್ಲ.

ಈಗ ಚೋಕ್. ಡಿಸೆಂಬರ್ ಜನವರಿಯಲ್ಲಿ ಬೆಳಿಗ್ಗೆ ಆರಕ್ಕೆ ಮಂಜಿನಲ್ಲಿ ಡೈರಿಗೆ ಹಾಲು ಹಾಕಲು ಹೋಗುವವರು ಚೋಕ್ ಎಳೆಯದೆ ಸ್ಟಾರ್ಟ್ ಮಾಡುವುದೇ ಇಲ್ಲ. ಒಂದು ಕಿಲೋಮೀಟರ್ ಹೋಗಿ ಬರುವಷ್ಟರಲ್ಲಿ ಇಂಜಿನ್ ಬಿಸಿಯೇ ಆಗಿರುವುದಿಲ್ಲ, ಚೋಕ್ ಹಾಗೇ ಉಳಿಯುತ್ತದೆ, ಮರೆತೂ ಹೋಗುತ್ತದೆ. ಚೋಕ್ ಎಳೆದಿದ್ದರೆ ಇಂಜಿನ್ನಿಗೆ ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ. ನಾನು ಮರೆತಿರಲಿಲ್ಲ, ದಿನಾ ಲಿವರ್ ವಾಪಸ್ ತಳ್ಳುತ್ತಿದ್ದೆ. ಆದರೆ ಲಿವರಿನ ಬುಡದಲ್ಲಿ ಎಣ್ಣೆ ಧೂಳು ಸೇರಿ ಕಪ್ಪಗೆ ಮೇಣದ ಹಾಗೆ ಗಟ್ಟಿಯಾಗಿ, ಅದು ಕೊನೆಯ ತನಕ ಹೋಗಿ ಕೂರುತ್ತಲೇ ಇರಲಿಲ್ಲ, ಒಂದು ಬೆಂಕಿಕಡ್ಡಿ ದಪ್ಪದಷ್ಟು ಜಾಗ ಉಳಿಯುತ್ತಿತ್ತು. ಹಳೇ ಹಲ್ಲುಜ್ಜುವ ಬ್ರಷ್ಷಿಗೆ ಸೀಮೆಎಣ್ಣೆ ಹಚ್ಚಿ ಉಜ್ಜಿದ ಮೇಲೆ ಟಕ್ ಅಂತ ಕೂತಿತು. ಪರೀಕ್ಷೆ ಸುಲಭ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಚೋಕ್ ಎಳೆಯಿರಿ. ಇಂಜಿನ್ ತಡವರಿಸಬೇಕು ಇಲ್ಲವೇ ನಿಲ್ಲಬೇಕು. ಏನೂ ವ್ಯತ್ಯಾಸ ಆಗದಿದ್ದರೆ ಚೋಕ್ ಮೊದಲೇ ಹಿಡಿದುಕೊಂಡಿದೆ, ಇಲ್ಲವೇ ಕೆಲಸವೇ ಮಾಡುತ್ತಿಲ್ಲ.

ಇದರ ಜೊತೆ ಇನ್ನೊಂದು ಅಭ್ಯಾಸ, ಚಳಿ ಅಂತ ಐದು ಹತ್ತು ನಿಮಿಷ ಗಾಡಿ ನಿಂತಲ್ಲೇ ಗುರ್ ಅನ್ನಿಸುವುದು. ಅರ್ಧ ನಿಮಿಷ ಸಾಕು. ಆಮೇಲೆ ಮೆಲ್ಲಗೆ ಓಡಿಸುತ್ತಾ ಹೋದರೆ ಇಂಜಿನ್ ಬೇಗ ಬಿಸಿಯಾಗುತ್ತದೆ.

ನಮ್ಮ ಕಡೆ ದೊಡ್ಡ ಕಳ್ಳ ಅಂದರೆ ಏರ್ ಫಿಲ್ಟರ್. ಸಂಕ್ರಾಂತಿ ಆಸುಪಾಸಿನಲ್ಲಿ ಕೋಲಾರ, ಚಿಂತಾಮಣಿ, ಶಿಡ್ಲಘಟ್ಟ ಎಲ್ಲ ಕಡೆ ರಸ್ತೆಯೇ ಕಣ ಅಲ್ವಾ? ರಾಗಿ, ಹುರುಳಿ ಹರಡಿರುತ್ತಾರೆ, ಬಸ್ಸು ಲಾರಿ ಹತ್ತಿ ಹೋಗಿ ಒಕ್ಕಣೆ ಆಗುತ್ತದೆ, ಹಿಂದೆ ಬರುವ ಬೈಕಿನವನಿಗೆ ಹೊಟ್ಟು ಧೂಳಿನ ಮೋಡ. ನಮ್ಮ ಕಣ್ಣಿಗೆ ಬೀಳುವುದೇ ಗಾಡಿಯ ಮೂಗಿಗೂ ಹೋಗುತ್ತದೆ. ನಾನು ಪಕ್ಕದ ಕವರ್ ಬಿಚ್ಚಿ ಫಿಲ್ಟರ್ ಎಳೆದಾಗ ಡಬ್ಬಿಯ ತಳದಲ್ಲಿ ರಾಗಿ ಹೊಟ್ಟು ಒಂದು ಹಿಡಿ ಇತ್ತು, ಅದರ ನಡುವೆ ಮೂರು ನಾಲ್ಕು ರಾಗಿ ಕಾಳು. ಕಾಗದದ ಮಡಿಕೆಗಳ ನಡುವೆ ಬೂದಿ ಬಣ್ಣದ ಪುಡಿ ಮೆತ್ತಿಕೊಂಡು ಮಡಿಕೆಯೇ ಕಾಣುತ್ತಿರಲಿಲ್ಲ.

ಫಿಲ್ಟರಿನಲ್ಲಿ ಬಗೆ ಇದೆ, ಇಲ್ಲಿ ತಪ್ಪು ಮಾಡಬೇಡಿ. ಸ್ಪಂಜಿನದಾದರೆ ಸೀಮೆಎಣ್ಣೆಯಲ್ಲಿ ತೊಳೆದು, ಹಿಂಡಿ, ಒಣಗಿಸಿ, ಸ್ವಲ್ಪ ಇಂಜಿನ್ ಆಯಿಲ್ ಹಚ್ಚಿ ಮತ್ತೆ ಹಿಂಡಿ ಹಾಕಬಹುದು. ಒಣ ಕಾಗದದ್ದಾದರೆ ಮೆಲ್ಲಗೆ ತಟ್ಟಿ ಧೂಳು ಉದುರಿಸಿ, ನೀರು ಸೋಕಿಸಬೇಡಿ. ಎಣ್ಣೆ ಹಚ್ಚಿಯೇ ಬರುವ ಕಾಗದದ ಫಿಲ್ಟರ್ ಆದರೆ ತೊಳೆಯುವುದೂ ಇಲ್ಲ, ಗಾಳಿ ಹೊಡೆಸುವುದೂ ಇಲ್ಲ, ಕೊಳೆಯಾದರೆ ಹೊಸದು ಹಾಕುವುದೇ. ಪುಸ್ತಕದಲ್ಲಿ ಬರೆದಷ್ಟು ಕಿಲೋಮೀಟರ್ ಇನ್ನೂ ಆಗಿಲ್ಲ ಅಂತ ಕಾಯಬೇಡಿ, ಒಕ್ಕಣೆ ರಸ್ತೆಯಲ್ಲಿ ಓಡಿದ ಗಾಡಿಗೆ ಆ ಲೆಕ್ಕ ನಡೆಯುವುದಿಲ್ಲ. ಟೈರಿಗೆ ಗಾಳಿ, ಚೋಕ್, ಹೊಸ ಫಿಲ್ಟರ್, ಈ ಮೂರರಿಂದಲೇ ನನ್ನ ಗಾಡಿ 47ರಿಂದ 57ಕ್ಕೆ ಬಂತು.

ಇಷ್ಟಾದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ. ಇಂಜಿನ್ ತಣ್ಣಗಿರಬೇಕು. ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಎಲ್ಲ ಸರಿ. ಒಣ ಮಸಿ ಕೂತಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಬೆಳ್ಳಗೆ ಸುಟ್ಟಂತಿದ್ದರೆ ಕಡಿಮೆ ಹೋಗುತ್ತಿದೆ, ಅದು ಇಂಜಿನ್ನಿಗೆ ಒಳ್ಳೆಯದಲ್ಲ. ಮಸಿ ಒರೆಸಿ ಹಾಕಿ, ನೂರು ಕಿಲೋಮೀಟರ್ ಓಡಿಸಿ ಮತ್ತೆ ನೋಡಿ. ವಾಪಸ್ ಹಾಕುವಾಗ ಮೊದಲ ಸುತ್ತುಗಳನ್ನು ಬೆರಳಲ್ಲೇ ತಿರುಗಿಸಿ, ಸೀದಾ ಸ್ಪ್ಯಾನರ್ ಹಾಕಿದರೆ ಮರೆ (ಥ್ರೆಡ್) ಹಾಳಾಗಿ ದೊಡ್ಡ ಖರ್ಚಿಗೆ ಬರುತ್ತದೆ.

ಚೈನ್ ಒಣಗಿದ್ದರೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ 90 ನಂಬರ್ ಗೇರ್ ಆಯಿಲ್ ಬಿಡಿ. ಇಂಜಿನ್ ಆಫ್ ಮಾಡಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ. ಗಾಡಿ ಸ್ಟಾರ್ಟ್ ಇಟ್ಟು ಚೈನಿಗೆ ಬಟ್ಟೆ ಹಿಡಿದು ಬೆರಳು ಕಳೆದುಕೊಂಡವರಿದ್ದಾರೆ, ದಯವಿಟ್ಟು ಬೇಡ. ಏರು ಹತ್ತುವಾಗ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ ಅಂದರೆ ಕ್ಲಚ್ ಜಾರುತ್ತಿದೆ. ಮೊದಲು ಕ್ಲಚ್ ಲಿವರಿನಲ್ಲಿ ಸ್ವಲ್ಪ ಸಡಿಲ ಇದೆಯಾ ನೋಡಿ, ಆಮೇಲೆ ಪ್ಲೇಟ್ ಮಾತು.

ಪೆಟ್ರೋಲಿನದ್ದೇ ತಪ್ಪು ಅನ್ನುವವರೂ ಇದ್ದಾರೆ. ಈಗ ಬಂಕಿನಲ್ಲಿ ಬರುವುದು ಹೆಚ್ಚಾಗಿ ಶೇ 20 ಎಥನಾಲ್ ಬೆರೆತದ್ದು. ಎಥನಾಲಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಹಾಗಾಗಿ ಬರೀ ಪೆಟ್ರೋಲಿಗೆ ಹೋಲಿಸಿದರೆ ಲೆಕ್ಕದ ಪ್ರಕಾರ ಶೇ 6–7ರಷ್ಟು ವ್ಯತ್ಯಾಸ. ಅಂದರೆ 60 ಕೊಡುತ್ತಿದ್ದದ್ದು 56ಕ್ಕೆ ಬಂದರೆ ಅದು ಕಾರಣ ಇರಬಹುದು. 47ಕ್ಕೆ ಬಿದ್ದರೆ ಗಾಡಿಯಲ್ಲೇ ಏನೋ ಇದೆ.

2020ರ ಏಪ್ರಿಲ್ ನಂತರ ಬಂದ ಬಿಎಸ್ 6 (ಹೊಸ ಹೊಗೆ ನಿಯಮದ) ಗಾಡಿಗಳಲ್ಲಿ ಬಹುತೇಕ ಕಾರ್ಬ್ಯುರೇಟರ್ ಬದಲು ಫ್ಯೂಯೆಲ್ ಇಂಜೆಕ್ಷನ್, ಕೈಯಲ್ಲಿ ಎಳೆಯುವ ಚೋಕ್ ಇಲ್ಲ. ಇಂಜಿನ್ ತಣ್ಣಗಿದೆಯಾ ಬಿಸಿಯಿದೆಯಾ ಅಂತ ಸೆನ್ಸರ್ ಹೇಳುತ್ತದೆ, ಅದು ಕೆಟ್ಟು ಸದಾ ತಣ್ಣಗಿದೆ ಅಂತಲೇ ಹೇಳಿದರೆ ಪೆಟ್ರೋಲ್ ಜಾಸ್ತಿ ಹೋಗುತ್ತಲೇ ಇರುತ್ತದೆ. ಮೀಟರಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಆರದೆ ಉರಿಯುತ್ತಿದ್ದರೆ ಮನೆಯಲ್ಲಿ ಬಿಚ್ಚಬೇಡಿ, ಸ್ಕ್ಯಾನರ್ ಇರುವ ಕಡೆ ತೋರಿಸಿ. ಗಾಳಿ, ಬ್ರೇಕ್, ಫಿಲ್ಟರ್, ಚೈನ್ ಮಾತ್ರ ಎಲ್ಲ ಗಾಡಿಗೂ ಒಂದೇ.

ಇದೆಲ್ಲ ಮಾಡಿಯೂ ಪ್ಲಗ್ ಮತ್ತೆ ಕಪ್ಪಗಾದರೆ ಆಗ ಮೆಕ್ಯಾನಿಕ್ ಹತ್ತಿರ ಹೋಗಿ. ಕಾರ್ಬ್ಯುರೇಟರ್ ಬಿಚ್ಚಿ ಕ್ಲೀನ್ ಮಾಡಲಿ, ವಾಲ್ವ್ ಗ್ಯಾಪ್ ನೋಡಲಿ ಅಂತ ನೀವೇ ಕೇಳಿ. ಸ್ಕ್ರೂ ಮುಟ್ಟುವ ಮುಂಚೆ ಅದು ಪೂರ್ತಿ ಬಿಗಿಯಾಗಲು ಎಷ್ಟು ಸುತ್ತು ಹೋಗುತ್ತದೆ ಅಂತ ಎಣಿಸಿ ಬರೆದಿಟ್ಟುಕೊಳ್ಳಲು ಹೇಳಿ, ಹೊಸ ಸೆಟ್ಟಿಂಗ್ ಸರಿಬರದಿದ್ದರೆ ಹಳೆಯದಕ್ಕೆ ತರಬಹುದು.