ಬಳ್ಳಾರ್ಯಾಗ ಯಾವ ಅಂಗಡಿ ಬರ್ಗರ್-ಫ್ರೈಸ್ ಚಲೋ ಅಂತ ನೋಡೋದು ಹೆಂಗೆ

ಯಾವ ಅಂಗಡಿ ಬರ್ಗರ್ ಚಲೋ ಅಂತ ಬಳ್ಳಾರಿ ಹುಡುಗ್ರನ್ನ ಕೇಳಿದ್ರೆ ಜಗಳಾನೇ ಹತ್ತೈತೆ, ಆದ್ರೆ ಅವ್ರು ಒಂದು ಕಡೆ ಚಿಕನ್ ತಿಂದಿರ್ತಾರೆ ಇನ್ನೊಂದು ಕಡೆ ಆಲೂ ಟಿಕ್ಕಿ, ಒಂದು ಅಲ್ಲೇ ಕೂತು ಬಿಸಿಬಿಸಿ, ಇನ್ನೊಂದು ಪಾರ್ಸಲ್. ಹಂಗೆ ನೋಡಿದ್ರೆ ಯಾವ ಅಂಗಡಿ ಬೇಕಾದ್ರೂ ಗೆಲ್ತೈತೆ ಬಿಡ್ರಿ.

ಮೊದ್ಲು ಜೋಡಿ ಸರಿ ಮಾಡ್ಕೊಳ್ರಿ. ಆಲೂ ಟಿಕ್ಕಿ ಎದುರಿಗೆ ಆಲೂ ಟಿಕ್ಕಿ, ಮೀಡಿಯಂ ಫ್ರೈಸ್ ಎದುರಿಗೆ ಮೀಡಿಯಂ ಫ್ರೈಸ್. ಕೆಎಫ್‌ಸಿಯ ಜಿಂಗರ್ ಬರ್ಗರ್‌ನಾಗ ಇರೋದು ಇಡೀ ಚಿಕನ್ ತುಂಡು, ಅದನ್ನ ಕೈಮಾ ತಟ್ಟಿ ಮಾಡಿದ ಪ್ಯಾಟಿ ಜೊತೆ ಇಟ್ಟು ನೋಡಿದ್ರೆ ಎರಡಕ್ಕೂ ಅನ್ಯಾಯ. ಅಮೆರಿಕದ ರಿವ್ಯೂ ವಿಡಿಯೋ ನೋಡಿ ತಲೆ ಕೆಡಿಸ್ಕೊಳ್ಳೋದೂ ಬ್ಯಾಡ, ಅಲ್ಲಿ ಬರ್ಗರ್ ಕಿಂಗ್‌ನೋರ ವಾಪರ್ ಅನ್ನೋ ಬರ್ಗರ್ ಅಂದ್ರೆ ದನದ ಮಾಂಸ, ಅವ್ರು 2014ರಾಗ ನಮ್ಮ ದೇಶಕ್ಕೆ ಬಂದಾಗ ಆ ಮಾಂಸ ಬಿಟ್ಟೇ ಬಂದ್ರು, 1996ರಾಗ ಬಂದ ಮೆಕ್‌ಡೊನಾಲ್ಡ್ಸ್‌ನೋರೂ ಅಷ್ಟೇ, ಹಂಗಾಗಿ ಹೆಸರು ಒಂದೇ ಇದ್ರೂ ತಿನ್ನೋದು ಬ್ಯಾರೆ.

ಟೈಮ್ ಕೂಡ ಒಂದೇ ಇರ್ಬೇಕು. ಏಪ್ರಿಲ್-ಮೇದಾಗ ಬಳ್ಳಾರಿ ಬಿಸ್ಲಿಗೆ ಮಧ್ಯಾಹ್ನ ಮೂರಕ್ಕೆ ಯಾರು ಹೊರಗ ಬರ್ತಾರೆ, ಗಿರಾಕಿ ಇಲ್ದಾಗ ಕರಿದ ಫ್ರೈಸ್ ಹಂಗೇ ಬಿಸಿ ಇಡೋ ಲೈಟ್ ಕೆಳಗ ಕೂತಿರ್ತಾವೆ. ಭಾನುವಾರ ಸಂಜಿ ಉಲ್ಟಾ, ಮಾಲು ಫ್ರೆಶ್ ಇರ್ತೈತೆ ಆದ್ರೆ ರಶ್ ಅಂತ ಜಾಳಿಗಿ ತುಂಬ ಹಾಕಿ ಬಿಡ್ತಾರೆ, ಎಣ್ಣಿ ತಣ್ಣಗಾಗಿ ಫ್ರೈಸ್ ಎಣ್ಣಿ ಕುಡಿತಾವೆ. ವಾರದ ದಿನ ಸಂಜಿ ಏಳರ ಸುಮಾರಿಗೆ ಇವತ್ತು ಒಂದು, ನಾಳೆ ಅದೇ ಟೈಮಿಗೆ ಇನ್ನೊಂದು, ಇದು ಸರಿ. ಹೊಟ್ಟಿ ಹಸ್ಕೊಂಡು ಹೋಗ್ಬ್ಯಾಡ್ರಿ, ಹಸಿದಾಗ ಎಲ್ಲಾ ರುಚಿನೇ.

ಟ್ರೇ ಬಂದ ತಕ್ಷಣ ಬರ್ಗರ್ ಮುಟ್ಟಬ್ಯಾಡ್ರಿ, ಫ್ರೈಸ್ ಮೊದ್ಲು. ಒಂದು ಉದ್ದನೆ ಫ್ರೈ ತುದಿ ಹಿಡಿದು ಅಡ್ಡ ಎತ್ರಿ, ನೆಟ್ಟಗೆ ನಿಂತ್ರೆ ಸರಿ, ಜೋತು ಬಿದ್ರೆ ಅಲ್ಲೇ ಮಾರ್ಕ್ ಕಟ್. ಮುರಿದು ನೋಡಿದ್ರೆ ಒಳಗ ಬೇಯಿಸಿ ಹಿಸುಕಿದ ಆಲೂಗಡ್ಡಿ ಹಂಗ ಬೆಳ್ಳಗೆ ಇರ್ಬೇಕು, ಟೊಳ್ಳು ಇರಬಾರ್ದು. ಅಂಚು ಕಂದು ಬಣ್ಣಕ್ಕೆ ತಿರುಗಿ ಸಣ್ಣಗೆ ಕಹಿ ಹೊಡೆದ್ರೆ ಬರೀ ಅಡುಗಿಯವನ ತಪ್ಪಲ್ಲ, ಆಲೂಗಡ್ಡಿ ಭಾಳ ತಂಪಿನಾಗ ಇಟ್ರೆ ಅದರ ಪಿಷ್ಟ ಸಕ್ಕರಿ ಆಗ್ತೈತೆ, ಆ ಸಕ್ಕರಿ ಎಣ್ಣಿಗೆ ಬಿದ್ದಾಗ ಕಪ್ಪಾಗ್ತೈತೆ. ಆಮೇಲೆ ನಾಲ್ಕು ಫ್ರೈ ಟಿಶ್ಯೂ ಮೇಲೆ ಇಟ್ಟು ಅದುಮಿ ತೆಗೀರಿ, ಎಣ್ಣಿ ಕಲೆ ಎಷ್ಟು ಅಗಲ ಹರಡ್ತೈತೆ ನೋಡ್ರಿ, ವಾಸನಿನೂ ನೋಡ್ರಿ. ಮಿರ್ಚಿ ಬಂಡಿ ಮುಂದ ನಿಂತು ಬೆಳದೋರಿಗೆ ಹಳೇ ಎಣ್ಣಿ ವಾಸನಿ ಹೇಳ್ಕೊಡ್ಬೇಕಾ. ಕಾದು ಕಾದು ಕೆಟ್ಟ ಎಣ್ಣಿಗೆ ಕಾನೂನೂ ಐತೆ, ಎಣ್ಣಿ ಮತ್ತೆ ಮತ್ತೆ ಕಾದಾಗ ಅದ್ರಾಗ ಹುಟ್ಟೋ ಕೆಟ್ಟ ಅಂಶ, ಟೋಟಲ್ ಪೋಲಾರ್ ಕಾಂಪೌಂಡ್ ಅನ್ನೋದು, 25% ದಾಟಿದ್ರೆ ಆ ಎಣ್ಣಿ ಬಳಸಂಗಿಲ್ಲ ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರ ಜುಲೈನಿಂದ ರೂಲ್ ಮಾಡೈತೆ.

ಹತ್ತು ನಿಮಿಷ ಬಿಟ್ಟು ಮತ್ತೆ ತಿನ್ರಿ. ಒಳಗಿನ ಹಬೆ ಹೊರಗಿನ ಗರಿಗರಿ ಪದರಕ್ಕೆ ಬಂದು ಮೆತ್ತಗಾಗೋದು ಎಲ್ಲಾ ಕಡೆ ಆಗೋದೇ, ಯಾವುದು ತಡವಾಗಿ ಮೆತ್ತಗಾಗ್ತೈತೋ ಅದು ಚಲೋ ಕರಿದಿದ್ದು. ಮುಚ್ಚಿದ ಡಬ್ಬಿನಾಗ ಪಾರ್ಸಲ್ ತಂದು ಅಂಗಡಿ ಬೈಯೋದು ಇದಕ್ಕೇ ತಪ್ಪು. ಉಪ್ಪು ಹಾಕ್ದಂಗೆ ಕೊಡ್ರಿ ಅಂತ ಕೇಳೋ ಟ್ರಿಕ್ ಒಂದೈತೆ, ಉಪ್ಪು ಹಾಕಿಟ್ಟಿದ್ದನ್ನ ಕೊಡೋಕೆ ಬರಲ್ಲ, ಹೊಸದಾಗಿ ಕರೀಲೇಬೇಕು. ಆದ್ರೆ ಎರಡೂ ಕಡೆ ಕೇಳ್ರಿ, ಒಂದೇ ಕಡೆ ಕೇಳಿದ್ರೆ ಮೋಸ.

ಬರ್ಗರ್‌ಗೆ ಬರೋಣ. ಮೇಲಿನ ಬನ್ ತೆಗೆದು ಒಳಭಾಗ ನೋಡ್ರಿ, ಕತ್ತರಿಸಿದ ಕಡೆ ಟೋಸ್ಟ್ ಆಗಿ ಕೆಂಪಗೆ ಇದ್ರೆ ಸಾಸ್ ಬೇಗ ಇಳಿಯಲ್ಲ, ಇಲ್ದಿದ್ರೆ ಅರ್ಧ ತಿನ್ನೋದ್ರಾಗ ಬನ್ ಮುದ್ದಿ. ಪ್ಯಾಟಿ ಅಂಚಿನಾಗ ಒಂದು ತುಣುಕು ಸಾಸ್ ಇಲ್ದಂಗೆ ತಿಂದು ನೋಡ್ರಿ, ಯಾಕಂದ್ರೆ ಮಯೋನೀಸ್ ಸುರಿದ್ರೆ ಎಂಥಾ ಪ್ಯಾಟಿನೂ ಪಾಸ್ ಆಗಿಬಿಡ್ತೈತೆ. ನಡುವೆ ಬಾಯಿ ರುಚಿ ತೊಳ್ಕೊಳ್ಳೋಕೆ ಕೋಲಾ ಬ್ಯಾಡ, ನೀರು ಕುಡೀರಿ, ಇಲ್ಲಾ ನನ್ನಂಗೆ ಜೇಬಿನಾಗ ಒಂದು ಹಿಡಿ ಒಣ ಮಂಡಾಳು (ಮಂಡಕ್ಕಿ) ಇಟ್ಕೊಂಡು ಹೋಗ್ರಿ, ಕೌಂಟರ್ ಹುಡುಗ ನೋಡಿ ನಗ್ತಾನೆ, ನಗ್ಲಿ.

ಗಾಂಧಿನಗರ ಕಡೆ ಇರೋ ಲೋಕಲ್ ಅಂಗಡಿನೂ ಲಿಸ್ಟ್‌ಗೆ ಸೇರಿಸ್ಕೊಳ್ರಿ, ರೇಟಿನಾಗ ಅವ್ರನ್ನ ಮೀರ್ಸೋದು ಕಷ್ಟ, ಆದ್ರೆ ಮಯೋನೀಸ್ ಮೊಟ್ಟಿದಾ, ಫ್ರಿಜ್‌ನಾಗ ಇಡ್ತೀರಾ ಅಂತ ಕೇಳೋಕೆ ನಾಚ್ಕೊಬ್ಯಾಡ್ರಿ. ಪಕ್ಕದ ತೆಲಂಗಾಣದಾಗ 2024ರಾಗ ಹಸಿ ಮೊಟ್ಟಿ ಮಯೋನೀಸ್ ಒಂದು ವರ್ಷ ಬ್ಯಾನ್ ಮಾಡಿದ್ರು, ನಮ್ಮ ಬಿಸಿಲು ಅವ್ರಿಗಿಂತ ಏನು ಕಮ್ಮಿನಾ.

ಕೊನೀಗೆ ರೊಕ್ಕ. ಮನ್ಯಾಗ ಅಡುಗಿ ತಕ್ಕಡಿ ಇದ್ರೆ ಅದನ್ನೂ ತಗೊಂಡು ಹೋಗಿ ಫ್ರೈಸ್ ತೂಗ್ರಿ, ಮೀಡಿಯಂ ಅನ್ನೋದು ಎಲ್ಲಾ ಕಡೆ ಒಂದೇ ತೂಕ ಅಲ್ಲ, ಅದೇ ಅಂಗಡ್ಯಾಗೂ ತುಂಬೋನ ಕೈ ಮೇಲೆ ಹೆಚ್ಚುಕಮ್ಮಿ ಆಗ್ತೈತೆ. ಒಂದು ಕಡೆ 110 ರೂಪಾಯಿಗೆ 100 ಗ್ರಾಂ, ಇನ್ನೊಂದು ಕಡೆ 120ಕ್ಕೆ 125 ಗ್ರಾಂ ಅಂದ್ಕೊಳ್ರಿ, ಬೋರ್ಡ್ ಮೇಲೆ ಜಾಸ್ತಿ ಕಂಡಿದ್ದೇ ನಿಜಕ್ಕೂ ಅಗ್ಗ, 100 ಗ್ರಾಂಗೆ 96 ರೂಪಾಯಿ ಬಿತ್ತು. ಬಿಲ್ ಹಿಡ್ಕೊಂಡೇ ಲೆಕ್ಕ ಹಾಕ್ರಿ, ಬೋರ್ಡಿನ ರೇಟಿಗೆ ಸಾಮಾನ್ಯವಾಗಿ 5% ಜಿಎಸ್‌ಟಿ ಮೇಲೆ ಸೇರ್ತೈತೆ, ಮತ್ತೆ ಕಾಂಬೋ ಮಾತ್ರ ಬ್ಯಾಡ, ಅದ್ರಾಗ ಫ್ರೈಸ್ ರೇಟ್ ಎಷ್ಟು ಕೋಲಾ ರೇಟ್ ಎಷ್ಟು ಅಂತ ಬಿಡಿಸೋಕೇ ಆಗಲ್ಲ.