ಬೀಗದ ಕೈ ಯಾರ ಮನೆಯಲ್ಲಿ? ಮಂಗಳೂರಿನಿಂದ ಹಳೇ ಊರುಗಳಿಗೆ ಒಂದು ದಿನದ ಸುತ್ತಾಟ

ಒಂದು ದಿನಕ್ಕೆ ಮೂರು ಊರು ಸಾಕು. ಶನಿವಾರ ರಾತ್ರಿ ಮ್ಯಾಪ್ ತೆರೆದು ಕೂತರೆ ಹತ್ತು ಹನ್ನೆರಡು ಜಾಗ ಗುರುತು ಹಾಕುವುದು ಸುಲಭ, ಆದರೆ ನಮ್ಮ ಕಡೆಯ ಹಳೇ ಬಸದಿ, ಗುಡಿ, ಅರಮನೆಗಳಲ್ಲಿ ಹೆಚ್ಚಿನವಕ್ಕೆ ಟಿಕೆಟ್ ಕೌಂಟರೇ ಇಲ್ಲ. ಬಾಗಿಲಿಗೆ ಬೀಗ ಇರುತ್ತದೆ, ಬೀಗದ ಕೈ ಹತ್ತಿರದ ಯಾರದೋ ಮನೆಯಲ್ಲಿ ಇರುತ್ತದೆ, ಅವರು ತೋಟಕ್ಕೆ ಹೋಗಿರುತ್ತಾರೆ. ಅವರು ಬರುವ ತನಕ ಕಾಯುವ ಪುರುಸೊತ್ತು ಉಂಟಾದರೆ ಮಾತ್ರ ಒಳಗೆ ಏನಿದೆ ಅಂತ ನೋಡಲಿಕ್ಕೆ ಸಿಗುತ್ತದೆ. ಹತ್ತು ಜಾಗದ ಪಟ್ಟಿ ಹಿಡಿದು ಹೋದವರು ಹತ್ತು ಬೀಗದ ಫೋಟೋ ತೆಗೆದುಕೊಂಡು ಬರುತ್ತಾರೆ, ಅಷ್ಟೇ.

ಊರುಗಳನ್ನು ಆರಿಸುವಾಗ ಒಂದೇ ಕಥೆಗೆ ಸೇರಿದ್ದನ್ನು ಆರಿಸಿ. ಮಂಗಳೂರಿನವರಿಗೆ ಶುರು ಮಾಡಲಿಕ್ಕೆ ಮೂಡುಬಿದಿರೆ, ಕಾರ್ಕಳ, ವರಂಗ ಒಳ್ಳೆಯ ದಾರಿ. 1430ರಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ, 1432ರಲ್ಲಿ ಕಾರ್ಕಳದ ಗೊಮ್ಮಟ, 1586ರಲ್ಲಿ ಅಲ್ಲೇ ಚತುರ್ಮುಖ ಬಸದಿ, 1604ರಲ್ಲಿ ವೇಣೂರಿನ ಗೊಮ್ಮಟ. ಇಷ್ಟು ಸಣ್ಣ ಜಾಗದೊಳಗೆ ಚೌಟರು, ಭೈರರಸರು, ಅಜಿಲರು ಅಂತ ಬೇರೆ ಬೇರೆ ಜೈನ ಅರಸರು. ಅಕ್ಕಿ, ಕಾಳುಮೆಣಸಿನ ವ್ಯಾಪಾರದಿಂದ ಬಂದ ದುಡ್ಡು ಎಲ್ಲಿಗೆ ಹೋಯಿತು ಅಂತ ಈ ಕಲ್ಲುಗಳನ್ನು ನೋಡಿದರೆ ಗೊತ್ತಾಗುತ್ತದೆ. ಒಂದು ಊರಲ್ಲಿ ನೋಡಿದ್ದು ಮುಂದಿನ ಊರಲ್ಲಿ ಅರ್ಥವಾಗುತ್ತದೆ, ಅದೇ ಇದರ ಮಜಾ.

ಮಂಗಳೂರಿನಿಂದ ಮೂಡುಬಿದಿರೆಗೆ ಸುಮಾರು 35 ಕಿಲೋಮೀಟರ್. ಬೆಳಿಗ್ಗೆ ಬೇಗ ಹೊರಡಿ, ಯಾಕೆಂದರೆ ಮಧ್ಯಾಹ್ನ ಹೆಚ್ಚಿನ ಕಡೆ ಬಾಗಿಲು ಹಾಕಿ ಊಟಕ್ಕೆ ಹೋಗುತ್ತಾರೆ. ಬನ್ಸ್, ಚಾ ಎಲ್ಲ ಮೂಡುಬಿದಿರೆ ಪೇಟೆಗೆ ಬಂದ ಮೇಲೆಯೇ ಆಗಲಿ. ಸಾವಿರ ಕಂಬದ ಬಸದಿಗೆ ಎಲ್ಲರೂ ಹೋಗುತ್ತಾರೆ, ನೀವೂ ಹೋಗಿ. ಆದರೆ ಕಂಬ ಲೆಕ್ಕ ಮಾಡುತ್ತಾ ಸೀದಾ ಒಳಗೆ ನಡೆಯಬೇಡಿ. ಎದುರಿನ ಭೈರಾದೇವಿ ಮಂಟಪದ ಬುಡದಲ್ಲಿ ಸ್ವಲ್ಪ ಬಗ್ಗಿ ನೋಡಿ. ಅಲ್ಲಿ ಆನೆ, ಕುದುರೆ ಸಾಲದು ಅಂತ ಜಿರಾಫೆ ಮತ್ತು ಚೀನಾದ ಡ್ರ್ಯಾಗನ್ ಕೂಡ ಕೆತ್ತಿದ್ದಾರೆ! ನಮ್ಮ ಬಂದರುಗಳಿಗೆ ಎಲ್ಲೆಲ್ಲಿಂದ ಹಡಗು ಬರುತ್ತಿತ್ತು ಅಂತ ಪಾಠಪುಸ್ತಕ ಹೇಳಿದ್ದಕ್ಕಿಂತ ಚೆನ್ನಾಗಿ ಆ ಜಿರಾಫೆ ಹೇಳುತ್ತದೆ.

ಅಲ್ಲಿಂದ ಚೌಟರ ಅರಮನೆಗೆ ಹೋಗಿ. ಹೊರಗಿಂದ ನೋಡಿದರೆ ಅರಮನೆ ಅನ್ನಿಸುವುದಿಲ್ಲ, ದೊಡ್ಡ ಗುತ್ತಿನ ಮನೆಯ, ಅಂದರೆ ಊರ ಜಮೀನ್ದಾರರ ಹಳೇ ಮನೆಯ ಹಾಗೆ ಇದೆ. ಉಳ್ಳಾಲದ ರಾಣಿ ಅಬ್ಬಕ್ಕ ಇದೇ ಚೌಟ ವಂಶದವಳು. ಒಳಗಿನ ಮರದ ಕಂಬಗಳ ಹತ್ತಿರ ಆತುರ ಮಾಡಬೇಡಿ. ಒಂದು ಕಂಬದಲ್ಲಿ ಆನೆ ಕಾಣುತ್ತದೆ. ಹತ್ತಿರ ಹೋದರೆ ಅದು ಆನೆಯೇ ಅಲ್ಲ, ಒಂಬತ್ತು ಹೆಂಗಸರು ಕೈಕಾಲು ಹೆಣೆದುಕೊಂಡು ಆನೆಯ ಆಕಾರ ಮಾಡಿದ್ದಾರೆ. ಅದು ನವನಾರೀಕುಂಜರ. ಹಾಗೆಯೇ ಐದು ಹೆಂಗಸರು ಸೇರಿ ಆದ ಕುದುರೆ ಪಂಚನಾರೀತುರಗ. ಸೊಂಡಿಲು ಯಾರು, ಹಿಂಗಾಲು ಯಾರು ಅಂತ ಒಬ್ಬೊಬ್ಬರನ್ನೇ ಹುಡುಕಲಿಕ್ಕೆ ಮಕ್ಕಳಿಗೆ ಹೇಳಿ, ಅರ್ಧ ಗಂಟೆ ನಿಮ್ಮ ತಂಟೆಗೆ ಬರುವುದಿಲ್ಲ. ಒಂದು ಮಾತು ಮಾತ್ರ ನೆನಪಿರಲಿ, ಇದು ಮ್ಯೂಸಿಯಂ ಅಲ್ಲ, ಮನೆತನದವರು ಇರುವ ಮನೆ. ಅಂಗಳದಲ್ಲೇ ನಿಂತು, ಒಳಗೆ ಬಂದು ನೋಡಬಹುದಾ ಅಂತ ಕೇಳಿ. ಇವತ್ತು ಬೇಡ ಅಂದರೆ ಬೇಡ.

ಆಮೇಲೆ ಕೋಡಂಗಲ್ಲಿನ ಜೈನ ಸಮಾಧಿಗಳು. ಮೂಡುಬಿದಿರೆಗೆ ಬಂದವರಲ್ಲಿ ಬಹಳ ಜನ ಇದನ್ನು ನೋಡದೆ ಹಿಂದೆ ಹೋಗುತ್ತಾರೆ. ಕಲ್ಲಿನ ಮಾಡಿನ (ಛಾವಣಿಯ) ಮೇಲೆ ಮಾಡು, ಮೇಲೆ ಹೋದ ಹಾಗೆ ಸಣ್ಣದಾಗುತ್ತಾ ನಿಂತಿರುವ ಗೋಪುರಗಳು. ಸಾವಿರ ಕಂಬದ ಬಸದಿಯ ಇಳಿಜಾರು ಮಾಡನ್ನು ಈಗಷ್ಟೇ ನೋಡಿ ಬಂದಿದ್ದೀರಲ್ಲ, ಎರಡನ್ನೂ ಹೋಲಿಸಿ. ನಮ್ಮ ಮಳೆಗೆ ತಕ್ಕ ಹಾಗೆ ಕಟ್ಟುವುದನ್ನು ಮರದಲ್ಲಿ ಕಲಿತವರು ಕಲ್ಲಿಗೂ ಅದನ್ನೇ ತಂದಿದ್ದಾರೆ. ಮೇಲೆ ಹತ್ತಿ ಸೆಲ್ಫಿ ಬೇಡ ಮಾರಾಯ್ರೆ, ಅವು ಸಮಾಧಿಗಳು.

ಇನ್ನು ಕೇಳುವ ವಿಷಯ. ಸಣ್ಣ ಬಸದಿಗಳ ಹತ್ತಿರ ಮ್ಯಾಪ್ ನಿಮ್ಮನ್ನು ಯಾರದೋ ಅಡಿಕೆ ತೋಟದ ಗೇಟಿಗೆ ಬಿಟ್ಟು ಕೈ ತೊಳೆದುಕೊಳ್ಳುತ್ತದೆ. ಆಗ ಜಿನಸಿ ಅಂಗಡಿಯಲ್ಲಿ ಅಥವಾ ರಿಕ್ಷಾ ಸ್ಟ್ಯಾಂಡಿನಲ್ಲಿ ಕೇಳಿ. ‘ಇಲ್ಲಿ ನೋಡುವಂಥದ್ದು ಏನುಂಟು?’ ಅಂದರೆ ‘ಏನೂ ಇಲ್ಲ’ ಅನ್ನುತ್ತಾರೆ, ದಿನಾ ನೋಡುವವರಿಗೆ ಅದರಲ್ಲೇನು ವಿಶೇಷ ಅಲ್ವಾ? ‘ಬಸದಿಯ ಇಂದ್ರರ ಮನೆ ಯಾವುದು?’ ಅಂತ ಕೇಳಿ. ನಮ್ಮಲ್ಲಿ ಬಸದಿಯ ಪುರೋಹಿತರನ್ನು ಇಂದ್ರರು ಅನ್ನುತ್ತಾರೆ, ಬೀಗದ ಕೈಯ ಸುದ್ದಿ ಅವರಿಗೆ ಗೊತ್ತಿರುತ್ತದೆ. ದೇವಸ್ಥಾನವಾದರೆ ಭಟ್ರನ್ನು ವಿಚಾರಿಸಿ. ಎರಡು ಮಾತು ತುಳುವಿನಲ್ಲಿ ಬಂದರೆ ಕೆಲಸ ಇನ್ನೂ ಸುಲಭ. ಬಾಗಿಲು ತೆಗೆದವರ ಕೈಗೆ ನೋಟು ತುರುಕಬೇಡಿ, ಕಾಣಿಕೆ ಡಬ್ಬಿಗೆ ಹಾಕಿ. ಚರ್ಮದ ಬೆಲ್ಟ್, ಪರ್ಸ್ ಕಾರಿನಲ್ಲೇ ಇರಲಿ. ಕೋರಿ ರೊಟ್ಟಿ, ಮೀನಿನೂಟ ಪಾರ್ಸೆಲ್ ಹಿಡಿದುಕೊಂಡು ಬಸದಿಯ ಅಂಗಳಕ್ಕೆ ಹೋಗಬೇಡಿ. ದಾರಿಯಲ್ಲಿ ದೈವಸ್ಥಾನ, ನಾಗಬನ ಸಿಕ್ಕರೆ ಹೊರಗಿಂದಲೇ ಕೈ ಮುಗಿದು ಮುಂದೆ ಹೋಗಿ, ಒಳಗೆ ನುಗ್ಗಿ ಕ್ಯಾಮೆರಾ ತೆಗೆಯುವುದು ಬೇಡ.

ಮೂಡುಬಿದಿರೆಯಿಂದ ಕಾರ್ಕಳಕ್ಕೆ ಸುಮಾರು 18 ಕಿಲೋಮೀಟರ್. ಗೊಮ್ಮಟ 42 ಅಡಿ ಎತ್ತರ, ದೂರದಿಂದಲೇ ಕಾಣುತ್ತಾನೆ, ಅವನ ಬಗ್ಗೆ ನಾನು ಹೇಳುವುದೇನೂ ಇಲ್ಲ. ನನ್ನ ಕೇಳಿದರೆ ಮೊದಲು ಎದುರಿನ ಸಣ್ಣ ಗುಡ್ಡದ ಚತುರ್ಮುಖ ಬಸದಿಗೆ ಹೋಗಿ. ನಾಲ್ಕು ದಿಕ್ಕಿಗೂ ಒಂದೇ ಥರದ ಬಾಗಿಲು, ಯಾವ ಬಾಗಿಲಲ್ಲಿ ನಿಂತರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರು ಎದುರಿಗೆ. ಹಿಂದೆ, ಮುಂದೆ ಅನ್ನುವುದೇ ಇಲ್ಲ. ಅಲ್ಲಿಂದ ಗೊಮ್ಮಟನೂ ಚೆನ್ನಾಗಿ ಕಾಣುತ್ತಾನೆ, ಜನರೂ ಕಮ್ಮಿ. ಬಂಡೆ ಮಧ್ಯಾಹ್ನಕ್ಕೆ ಕಾವಲಿ ಹಾಗೆ ಕಾಯುತ್ತದೆ, ಬರಿಗಾಲಲ್ಲಿ ನಡೆಯಬೇಕಲ್ಲ, ದಪ್ಪ ಸಾಕ್ಸ್ ಒಂದು ಜೊತೆ ಇಟ್ಟುಕೊಳ್ಳಿ. ಊಟ ಕಾರ್ಕಳದಲ್ಲೇ ಮುಗಿಸಿ, ಮುಂದೆ ಹೋಟೆಲ್ ಕಮ್ಮಿ.

ವರಂಗ ಹೆಬ್ರಿ ಕಡೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಕೆರೆಯ ನಡುವೆ ಬಸದಿ, ಹೋಗಲಿಕ್ಕೆ ಸೇತುವೆ ಇಲ್ಲ, ಸಣ್ಣ ದೋಣಿಯೇ ಗತಿ. ಒಂದು ಸಲಕ್ಕೆ ಕೆಲವರನ್ನಷ್ಟೇ ಕೂರಿಸಿಕೊಳ್ಳುತ್ತಾರೆ, ಆದ್ದರಿಂದ ದೊಡ್ಡ ಗುಂಪು ಕಟ್ಟಿಕೊಂಡು ಹೋದರೆ ದಡದಲ್ಲೇ ಹೊತ್ತು ಹೋಗುತ್ತದೆ. ಚಿಲ್ಲರೆ ಇಟ್ಟುಕೊಳ್ಳಿ, ಗೂಗಲ್ ಪೇ ನಂಬಿ ಹೋಗಬೇಡಿ. ಕೆರೆ ತುಂಬಿರಬೇಕು, ಹಿಂದೆ ಘಟ್ಟ ಹಸುರಾಗಿರಬೇಕು ಅಂದರೆ ಮಳೆ ಬಿಟ್ಟ ಮೇಲೆ, ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಹೋಗಿ. ಜೂನ್, ಜುಲೈ ನೋಡಲಿಕ್ಕೆ ಚೆಂದವೇ, ಆದರೆ ಮುರಕಲ್ಲಿನ ಮೆಟ್ಟಿಲ ಮೇಲೆ ಪಾಚಿ ಕಟ್ಟಿ ಕಾಲು ನಿಲ್ಲುವುದಿಲ್ಲ. ಕೆರೆ ಬಸದಿ ನೋಡಿದ ಕೂಡಲೇ ಕಾರು ಹತ್ತಬೇಡಿ, ಹತ್ತಿರದ ನೇಮಿನಾಥ ಬಸದಿಯನ್ನೂ ನೋಡಿ.

ಈ ಊರುಗಳಲ್ಲಿ ಶಾಸನದ ಕಲ್ಲು, ವೀರಗಲ್ಲು ಅಲ್ಲಲ್ಲಿ ಸುಮ್ನೆ ನಿಂತಿರುತ್ತವೆ. ಓದಲಿಕ್ಕೆ ಬರದಿದ್ದರೂ ಸ್ವಲ್ಪ ಗುರುತು ಹಿಡಿಯಬಹುದು. ಶಾಸನದ ತುದಿಯಲ್ಲಿ ಸೂರ್ಯ ಚಂದ್ರ ಇದ್ದರೆ, ಕೊಟ್ಟ ದಾನ ಅವೆರಡೂ ಇರುವ ತನಕ ನಡೆಯಲಿ ಅಂತ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು: ಕೆಳಗೆ ಹೋರಾಟ, ನಡುವೆ ವೀರನನ್ನು ಕರೆದುಕೊಂಡು ಹೋಗುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಅಕ್ಷರ ಸವೆದಿದ್ದರೆ ಮೊಬೈಲ್ ಟಾರ್ಚನ್ನು ಎದುರಿಂದ ಅಲ್ಲ, ಬದಿಯಿಂದ ಹಿಡಿಯಿರಿ, ನೆರಳು ಬಿದ್ದು ಗೀರು ಎದ್ದು ಕಾಣುತ್ತದೆ. ಸೀಮೆಸುಣ್ಣ, ಹಿಟ್ಟು ಉಜ್ಜುವ ಕೆಲಸ ಬೇಡವೇ ಬೇಡ.

ಕಾರು ಇಲ್ಲದಿದ್ದರೂ ತೊಂದರೆ ಇಲ್ಲ. ಮಂಗಳೂರಿನಿಂದ ಕಾರ್ಕಳದ ತನಕ ಸರ್ವೀಸ್ ಬಸ್ಸು ಬೇಕಾದಷ್ಟು ಉಂಟು. ವರಂಗದಿಂದ ಹಿಂದೆ ಬರುವ ಬಸ್ಸಿನ ಸಮಯವನ್ನು ಮಾತ್ರ ಇಳಿಯುವಾಗಲೇ ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ.

ಉಡುಪಿಯವರಿಗೆ ಇಷ್ಟು ದೂರವೂ ಬೇಡ, ಬ್ರಹ್ಮಾವರ ದಾಟಿ ಒಳಗೆ ಹೋದರೆ ಬಾರ್ಕೂರು. ಹಿಂದೆ ತುಳುನಾಡನ್ನು ಆಳಿದ ಆಳುಪರ ರಾಜಧಾನಿ, ಆಮೇಲೆ ವಿಜಯನಗರದವರ ಬಾರಕೂರು ರಾಜ್ಯಕ್ಕೆ ಕೇಂದ್ರ. ದಿನಕ್ಕೊಂದರಂತೆ 365 ದೇವಸ್ಥಾನ ಇತ್ತು ಅಂತ ಊರವರ ಮಾತು. ಈಗ ಕತ್ತಲೆ ಬಸದಿ, ಕೋಟೆಯ ಅವಶೇಷ, ಕೋಟೆಕೇರಿಯ ಪಂಚಲಿಂಗೇಶ್ವರ, ಹೀಗೆ ಕೇರಿಗೊಂದರ ಹಾಗೆ ಸಿಗುತ್ತವೆ. ಗಾಡಿಯನ್ನು ಪೇಟೆಯಲ್ಲಿ ಬಿಟ್ಟು ಕೇರಿಯಿಂದ ಕೇರಿಗೆ ನಡೆಯಿರಿ. ಕೋಟೆ ಕಡೆ ಹೋಗುವುದಾದರೆ ಮಳೆಗಾಲ ಮುಗಿದು ಹುಲ್ಲು ಒಣಗಿದ ಮೇಲೆ ಹೋಗಿ, ಅದಕ್ಕೆ ಮೊದಲು ಕಲ್ಲೂ ಕಾಣುವುದಿಲ್ಲ, ಹಾವೂ ಕಾಣುವುದಿಲ್ಲ.